ಸೈಟಿನ ಅಳತೆ, ಏರಿಯಾದ ಅಂತಸ್ತು

ನಮ್ಮ ಕಡೆ ಜಮೀನು ನೋಡೋಕೆ ಬರೋರು ಈಗ ಮಣ್ಣು ಹೆಂಗಿದೆ, ಬೋರಲ್ಲಿ ನೀರೆಷ್ಟು ಅಂತ ಕೇಳೋದು ಬಿಟ್ಟಿದ್ದಾರೆ. "ಮುಂದೆ ಇದು ಒಳ್ಳೆ ಏರಿಯಾ ಆಗುತ್ತಾ?" ಅಂತ ಕೇಳ್ತಾರೆ. ಈ ಒಳ್ಳೆ ಏರಿಯಾ ಅನ್ನೋದು ಹೇಗೆ ಹುಟ್ಟುತ್ತೆ? ಜಯನಗರ ಅಂದ್ರೆ ಮಧ್ಯಮ ವರ್ಗ, ಸದಾಶಿವನಗರ ಅಂದ್ರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಅಂತ ಬೆಂಗಳೂರು ನೋಡದವರಿಗೂ ಗೊತ್ತು. ಯಾಕೆ ಅಂತ ಕೇಳಿದ್ರೆ "ಅಲ್ಲಿ ದುಡ್ಡಿದ್ದೋರು ಇದಾರೆ" ಅಂತಾರೆ. ಅದು ಅರ್ಧ ಉತ್ತರ. ದುಡ್ಡಿದ್ದೋರು ಬರೋಕೆ ಮೊದಲೇ ಯಾರೋ ಕಾಗದದ ಮೇಲೆ ಗೆರೆ ಎಳೆದು ಇಂಥವರೇ ಬರಲಿ ಅಂತ ತೀರ್ಮಾನ ಮಾಡಿರ್ತಾರೆ. ಅದೇ ಇವತ್ತಿನ ಬರಹ.

ಮೊದಲು ಗುಂಟೆ ಲೆಕ್ಕ. ಒಂದು ಗುಂಟೆ ಅಂದ್ರೆ 1,089 ಚದರ ಅಡಿ. ಬಿಡಿಎ ಸೈಟುಗಳ ಅಳತೆ ನಿಮಗೆ ಗೊತ್ತೇ ಇದೆ: 20-30, 30-40, 40-60, 50-80. ನಮ್ಮ ಭಾಷೇಲಿ ಹೇಳೋದಾದ್ರೆ ಅರ್ಧ ಗುಂಟೆ ಚಿಲ್ಲರೆ, ಒಂದು ಗುಂಟೆ ಚಿಲ್ಲರೆ, ಎರಡು ಕಾಲು ಗುಂಟೆಗೆ ಸ್ವಲ್ಪ ಕಮ್ಮಿ, ಮೂರೂಮುಕ್ಕಾಲು ಗುಂಟೆಗೆ ಸ್ವಲ್ಪ ಕಮ್ಮಿ. ಒಂದು ಎಕರೇಲಿ ಅರ್ಧ ಭಾಗ ರಸ್ತೆ, ಪಾರ್ಕು, ಶಾಲೆ ಜಾಗಕ್ಕೆ ಹೋಯ್ತು ಅಂತಿಟ್ಟುಕೊಳ್ಳಿ. ಉಳಿದ ಅರ್ಧದಲ್ಲಿ 20-30 ಆದ್ರೆ 36 ಮನೆ, 30-40 ಆದ್ರೆ 18, 40-60 ಆದ್ರೆ 9, 50-80 ಆದ್ರೆ 5. ಅದೇ ಎಕರೆ, ಅದೇ ಮಣ್ಣು. ಒಂದು ಬೀದಿಗೆ 36 ಸಂಸಾರ ಬಂದ್ರೆ ಅಲ್ಲಿ ಕೈಗಾಡಿ, ಚಿಲ್ಲರೆ ಅಂಗಡಿ, ಟೈಲರ್ ಎಲ್ಲಾ ಬರ್ತಾರೆ. 5 ಮನೆ ಇದ್ರೆ ಮರ, ಗೇಟು, ನಾಯಿ, ವಾಚ್‌ಮನ್. ಬಡವರ ಬೀದಿಯೋ ಸಾಹುಕಾರರ ಬೀದಿಯೋ ಅನ್ನೋದನ್ನ ಮೊದಲು ಬರೆಯೋದು ಸರ್ವೆಯವರ ಟೇಪು.

ಈ ಗೆರೆ ಎಳೆಯೋ ಕೆಲಸ ಹಳೇದು. ಚಾಮರಾಜಪೇಟೆ 1892ರದ್ದು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಗಲ್ಲಿಗಳಲ್ಲಿ ಜನ ಸತ್ತರು, ಉಳಿದವರು ಊರಾಚೆ ಓಡಿದರು. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು ಆ ಭಯದಿಂದ. ಅಗಲ ರಸ್ತೆ, ಗಾಳಿ ಬೆಳಕು, ಮನೆ ಸುತ್ತ ಜಾಗ. ಆದ್ರೆ ಗಾಳಿ ಬೆಳಕೂ ಎಲ್ಲರಿಗೂ ಸಮ ಹಂಚಿಕೆ ಆಗಲಿಲ್ಲ. ಶುರುವಿನ ಯೋಜನೇಲಿ ಬ್ಲಾಕುಗಳನ್ನೇ ಜಾತಿ, ಸಮುದಾಯ ನೋಡಿ ಗುರುತಿಸಿದ್ದರು. ಮನೆಗಳ ಹಿಂದೆ ಸಣ್ಣ ಗಲ್ಲಿ ಬಿಟ್ಟರು, ಕನ್ಸರ್ವೆನ್ಸಿ ಅಂತಾರೆ. ಮಲ ಹೊರೋರು ಮುಂಬಾಗಿಲ ಕಡೆ ಬರದೆ ಹಿಂದಿಂದಲೇ ಬಂದು ಹೋಗಲಿ ಅಂತ. ಆ ಗಲ್ಲಿಗಳು ಇವತ್ತೂ ಇವೆ, ಕೆಲವು ಕಡೆ ಕಾರು ನಿಂತಿರುತ್ತೆ. ಮುಂದಿನ ರಸ್ತೆ ಎಷ್ಟು ಅಗಲ ಅಂತ ನೋಡೋರು ಹಿಂದಿನ ಗಲ್ಲಿ ಯಾಕಿದೆ ಅಂತಲೂ ನೋಡಬೇಕು.

ಬಸವನಗುಡಿಯ ಸುತ್ತ ಮುಂಚೆ ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿ ರೈತರ ಹೊಲ. ಕಡಲೆಕಾಯಿ ಬೆಳೀತಿದ್ರು. ಹೊಸ ಬೆಳೇನ ಬಸವಣ್ಣನಿಗೆ ಒಪ್ಪಿಸೋದೇ ಕಾರ್ತಿಕದ ಕಡೇ ಸೋಮವಾರದ ಪರಿಷೆ. ಪರಿಷೆ ಉಳೀತು, ಹೊಲ ಉಳೀಲಿಲ್ಲ. ಈಗ ಕಾಯಿ ಹೊರಗಿನ ತಾಲ್ಲೂಕುಗಳಿಂದ ಬರುತ್ತೆ.

1945ರಲ್ಲಿ ಸಿಐಟಿಬಿ ಬಂತು. 1948ರಲ್ಲಿ ಗವರ್ನರ್ ಜನರಲ್ ಆಗಿದ್ದ ರಾಜಾಜಿ ಜಯನಗರಕ್ಕೆ ಅಡಿಗಲ್ಲು ಹಾಕಿದ್ರು, ಅಶೋಕ ಪಿಲ್ಲರ್ ಅದರ ಗುರುತು. ಅದೇ ಹೊತ್ತಿಗೆ ತಿಂಗಳ ಸಂಬಳ ಅನ್ನೋದು ಊರಿಗೆ ಬಂತು. ಎಚ್‌ಎಎಲ್ 1940, ಐಟಿಐ 1948, ಎಚ್‌ಎಂಟಿ 1953, ಬಿಇಎಲ್ 1954. ಒಂದನೇ ತಾರೀಕು ಸಂಬಳ, ಪಿಎಫ್, ಮನೆ ಸಾಲ. ಸೈಟಿಗೆ ಅರ್ಜಿ ಹಾಕಿ ಸಿಗದಿದ್ರೆ ಮತ್ತೆ ಹಾಕಿ, ವರ್ಷಗಟ್ಟಲೆ ಕಾಯೋ ಶಕ್ತಿ ಇದ್ದದ್ದು ಇವರಿಗೆ. ಬಿಡಿಎ ಹಂಚಿಕೇಲಿ ಹಿಂದೆ ಎಷ್ಟು ಸಲ ಅರ್ಜಿ ಹಾಕಿದ್ರಿ ಅನ್ನೋದೂ ಲೆಕ್ಕಕ್ಕೆ ಬರ್ತಿತ್ತು. ಮಳೆ ನಂಬಿದೋನು, ದಿನಗೂಲಿಯೋನು ಹಂಗೆ ಕಾಯೋಕಾಗಲ್ಲ. ನನ್ನ ಕೇಳಿದ್ರೆ ಮಧ್ಯಮ ವರ್ಗ ಅಂದ್ರೆ ಇದೇ: ಭಾರೀ ದುಡ್ಡಲ್ಲ, ಕಾಯೋ ತಾಕತ್ತು.

ಮೇಲ್ ಮಧ್ಯಮ ವರ್ಗ ಕಾಯಲಿಲ್ಲ. ಸದಾಶಿವನಗರ ಅರಮನೆಯ ತೋಟವಾಗಿದ್ದ ಜಾಗ. ಮಂಗಳೂರಿನ ಸ್ವಾತಂತ್ರ್ಯ ಹೋರಾಟಗಾರ ಕಾರ್ನಾಡ್ ಸದಾಶಿವರಾಯರ ಹೆಸರಿಟ್ಟರು. ದೊಡ್ಡ ನಿವೇಶನ, ವಿಧಾನಸೌಧ ಹತ್ತಿರ. ಇನ್ನು ಡಾಲರ್ಸ್ ಕಾಲೋನಿ ಹೆಸರೇ ಕಥೆ ಹೇಳುತ್ತೆ: ಡಾಲರ್‌ನಲ್ಲಿ ದುಡ್ಡು ಕಟ್ಟಿದ ಅನಿವಾಸಿ ಭಾರತೀಯರಿಗೆ ಸೈಟು ಕೊಟ್ಟ ಬಡಾವಣೆ.

ಆಮೇಲೆ ನೀರು. ಬೆಂಗಳೂರಿಗೆ 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ನೀರು ಬಂತು. ಹೊರಗಿನ 110 ಹಳ್ಳಿಗಳು ಬಿಬಿಎಂಪಿಗೆ ಸೇರಿದ್ದು 2007ರಲ್ಲಿ. ಅವುಗಳಿಗಾಗಿ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆ ಆದದ್ದು 2024ರ ಅಕ್ಟೋಬರ್‌ನಲ್ಲಿ. ನಡುವೆ 17 ವರ್ಷ ಬೋರು, ಟ್ಯಾಂಕರು. ಹೊರಗೆ ಗಾಜಿನ ಅಪಾರ್ಟ್‌ಮೆಂಟ್ ಇರಬಹುದು, ನಲ್ಲಿ ಇಲ್ಲ. ಹಳೇ ಬಡಾವಣೇಲಿ ನಿವೃತ್ತ ಗುಮಾಸ್ತರು ತಿಂಗಳಿಗೆ ಕಟ್ಟೋ ನೀರಿನ ಬಿಲ್ಲಿಗೂ, ಹೊರಗೆ ಕೂಲಿಯವರು ಕೊಡೋ ಟ್ಯಾಂಕರ್ ದುಡ್ಡಿಗೂ ಹೋಲಿಸಿ ನೋಡಿ, ಅಂತಸ್ತು ಎಲ್ಲಿಂದ ಬರುತ್ತೆ ಗೊತ್ತಾಗುತ್ತೆ.

ಈಗ ನಮ್ಮವರ ಪಾಲಿನ ಮಾತು. ಬಡಾವಣೆ ಮಾಡುವಾಗ ಹೊಲ ತಗೊಂಡು ಗ್ರಾಮಠಾಣ ಬಿಡ್ತಾರೆ. ಹಾಗಾಗಿ ಜಯನಗರದ ಮಗ್ಗುಲಲ್ಲಿ ಬೈರಸಂದ್ರ, ಯಡಿಯೂರು. ಇಂದಿರಾನಗರದ ಮಗ್ಗುಲಲ್ಲಿ ದೂಪನಹಳ್ಳಿ, ಕೋಡಿಹಳ್ಳಿ. ಕೋರಮಂಗಲದ ಮಗ್ಗುಲಲ್ಲಿ ಈಜಿಪುರ. ಒಂದು ರಸ್ತೆ ದಾಟಿದ್ರೆ ಸಾಕು, ಅಗಲ ಬೀದಿ ಮುಗಿದು ಓಣಿ ಶುರು. ಆ ಓಣಿಗಳಲ್ಲೇ ಬಾಡಿಗೆಗೆ ಇರ್ತಾರೆ ಮನೆಗೆಲಸದೋರು, ಡ್ರೈವರ್‌ಗಳು, ಇಸ್ತ್ರಿಯೋರು. ಅವರಿಲ್ಲದೆ ಆಚೆ ಬದಿಯ ಮಧ್ಯಮ ವರ್ಗ ಒಂದು ದಿನ ನಡೆಯಲ್ಲ.

1894ರ ಭೂಸ್ವಾಧೀನ ಕಾಯ್ದೇಲಿ ಪರಿಹಾರದ ಲೆಕ್ಕ ಮೊದಲ ಅಧಿಸೂಚನೆ ದಿನದ ಬೆಲೆಗೆ. ಅಂದ್ರೆ ಹೊಲ ಹೊಲವಾಗಿದ್ದಾಗಿನ ಬೆಲೆ. ರಸ್ತೆ, ಪೈಪು, ಲೈಟು ಬಂದ ಮೇಲೆ ಏರಿದ ಬೆಲೆಯೆಲ್ಲ ಸೈಟು ಸಿಕ್ಕವರ ಪಾಲು. ಸಂಬಳದಲ್ಲಿ ಉಳಿಸಿ ಸಾಹುಕಾರ ಆದೆ ಅನ್ನೋರ ಆಸ್ತೀಲಿ ದೊಡ್ಡ ಭಾಗ ಈ ಏರಿಕೆಯೇ. ಅವರು ಕದ್ದಿದ್ದಲ್ಲ, ಕಾನೂನೇ ಹಂಗಿತ್ತು. ಆದ್ರೆ ಮಾರಿದವನ ಮಗ ಅದೇ ಬಡಾವಣೇಲಿ ವಾಚ್‌ಮನ್ ಆಗಿದ್ರೆ ಅದು ಅವನ ಹಣೆಬರಹ ಅನ್ನಬೇಡಿ, ಲೆಕ್ಕ.

ಅದಕ್ಕೇ ಊರಲ್ಲಿ ಬಡಾವಣೆ ಮಾತು ಬಂದಾಗ ಎಕರೆಗೆ ಎಷ್ಟು ಕೋಟಿ ಅನ್ನೋದೊಂದನ್ನೇ ಕೇಳಬೇಡಿ. ದುಡ್ಡೋ, ಅಭಿವೃದ್ಧಿ ಆದ ಜಾಗದಲ್ಲಿ ಪಾಲೋ? ಸೈಟುಗಳ ಅಳತೆ ಏನು, ಸಣ್ಣ ಸೈಟು ಎಷ್ಟು? ಹೊಸ ಪೈಪು ನಮ್ಮ ಗ್ರಾಮಠಾಣಕ್ಕೂ ಬರುತ್ತಾ, ಇಲ್ಲ ಗಡೀಲೇ ನಿಲ್ಲುತ್ತಾ? ನಕ್ಷೆ ಪೆನ್ಸಿಲ್‌ನಲ್ಲಿ ಇರುವಾಗಲೇ ಕೇಳಿ. ಶಾಯಿ ಬಿದ್ದ ಮೇಲೆ ಯಾರು ಯಾವ ವರ್ಗ ಅನ್ನೋದು ಮೂರು ತಲೆಮಾರಿಗೆ ತೀರ್ಮಾನ ಆಗಿಹೋಗಿರುತ್ತೆ.