‘ನಂಚಾಕು’ವಿನ ಜಾಡು ಹಿಡಿದು

ಪುಣೆಯ ಲಾ ಕಾಲೇಜು ರಸ್ತೆಯಲ್ಲಿರುವ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ. ಪೋಸ್ಟರುಗಳ ಜೊತೆಗೆ ಥಿಯೇಟರಿನ ಬಾಗಿಲಲ್ಲಿ ಪುಡಿಗಾಸಿಗೆ ಮಾರುತ್ತಿದ್ದ ಹಾಡಿನ ಪುಸ್ತಕಗಳನ್ನೂ ಅಲ್ಲಿ ಕಾಪಿಟ್ಟಿದ್ದಾರೆ. ಹಾಡು ಬರೆದವರು ಯಾರು, ರಾಗ ಹಾಕಿದವರು ಯಾರು ಎಂಬುದಕ್ಕೆ ಆ ಬಡಕಲು ಪುಸ್ತಕಗಳೇ ಸಾಕ್ಷಿ. ಅದೇ ಊರಿನ ಹುಡುಗ, ರ‍್ಯಾಪ್ ಗಾಯಕ ಎಂ.ಸಿ. ಸ್ಟ್ಯಾನ್, ದಿಲ್ಲಿಯ ‘ಸೀಧೆ ಮೌತ್’ ರ‍್ಯಾಪ್ ಜೋಡಿಯ ಜೊತೆ 2021ರಲ್ಲಿ ಹಾಡಿದ ‘ನಂಚಾಕು’ವಿಗೆ ಇಂಥ ಪುಸ್ತಕವಿಲ್ಲ. ಇದರ ಹಿನ್ನೆಲೆ ಹುಡುಕಬೇಕೆಂದರೆ ಹೆಸರುಗಳನ್ನೇ ಕೆದಕಬೇಕು. ನಾನು ಮಾಡಿದ್ದೂ ಅದನ್ನೇ.

ಮೊದಲು ಗಾಯಕನ ಹೆಸರು. ‘ಸ್ಟ್ಯಾನ್’ ಎಂಬುದು ಅಮೆರಿಕದ ರ‍್ಯಾಪರ್ ಎಮಿನೆಮ್‌ನ 2000ದ ಹಾಡಿನಲ್ಲಿ ಪತ್ರದ ಮೇಲೆ ಪತ್ರ ಬರೆಯುವ ಹುಚ್ಚು ಅಭಿಮಾನಿ. ಆ ಹಾಡು ಬಂದಾಗ ಪುಣೆಯ ತಾಡಿವಾಲಾ ರಸ್ತೆಯ ನಮ್ಮ ಸ್ಟ್ಯಾನ್ ಇನ್ನೂ ಕೈಗೂಸು; ನಿಜ ಹೆಸರು ಅಲ್ತಾಫ್, ಹುಟ್ಟಿದ್ದು 1999ರಲ್ಲಿ. 2020ರ ಅವನ ಆಲ್ಬಮ್ಮಿನ ಹೆಸರು ‘ತಡೀಪಾರ್’. ಇದರ ಮೂಲ ಹುಡುಕಲು ಸಂಗೀತದ ಪುಸ್ತಕ ಬೇಡ, 1951ರ ಮಹಾರಾಷ್ಟ್ರ ಪೊಲೀಸ್ ಕಾಯ್ದೆ ಸಾಕು. ಪುಂಡರನ್ನು 2 ವರ್ಷದವರೆಗೆ ಊರಾಚೆ ಇಡಲು ಅದರಲ್ಲಿ ಅವಕಾಶವಿದೆ. ನಮ್ಮ ಪತ್ರಿಕೆಗಳಲ್ಲಿ ‘ರೌಡಿಶೀಟರ್ ಗಡಿಪಾರು’ ಎಂದು ಓದುತ್ತೇವಲ್ಲ, ಅದೇ.

ಇನ್ನು ನಂಚಾಕು. ಎರಡು ಗಿಡ್ಡ ಕೋಲು, ನಡುವೆ ಒಂದು ಸರಪಳಿ. ಒಂದನ್ನು ಹಿಡಿದು ಇನ್ನೊಂದನ್ನು ಹೆಗಲ ಮೇಲಿಂದ ಬೀಸಿ ಕಂಕುಳಲ್ಲಿ ಸಿಕ್ಕಿಸಬೇಕು. ಲೆಕ್ಕ ತಪ್ಪಿದರೆ ಏಟು ಬೀಳುವುದು ಬೀಸಿದವನ ಮೊಣಕೈಗೇ. ಜಪಾನಿನ ಒಕಿನಾವ ದ್ವೀಪದ ಈ ಆಯುಧವನ್ನು ಜಗತ್ತಿಗೆಲ್ಲ ಪರಿಚಯಿಸಿದ್ದು ಬ್ರೂಸ್ ಲೀ. 1972ರ ‘ಫಿಸ್ಟ್ ಆಫ್ ಫ್ಯೂರಿ’ಯಲ್ಲಿ ಬೀಸಿದ, ಮರುವರ್ಷ ‘ಎಂಟರ್ ದ ಡ್ರ್ಯಾಗನ್’ನಲ್ಲೂ ಬೀಸಿದ. ಆ ಚಿತ್ರ ತೆರೆಗೆ ಬರುವ ಮುನ್ನವೇ, 1973ರ ಜುಲೈ 20ರಂದು, ತೀರಿಕೊಂಡ. ಹುಡುಗರು ಅನುಕರಿಸಿಯಾರೆಂದು ಬ್ರಿಟನ್ನಿನ ಸೆನ್ಸಾರಿನವರು ನಂಚಾಕು ಇರುವ ದೃಶ್ಯಗಳನ್ನು ಎಷ್ಟೋ ವರ್ಷ ಕತ್ತರಿಸುತ್ತಲೇ ಇದ್ದರು. ನಮ್ಮಲ್ಲಿ ಆ ಗಾಳಿ ಎಷ್ಟು ಜೋರಾಗಿತ್ತೆಂದರೆ ಶಂಕರ್‌ನಾಗ್‌ಗೆ ‘ಕರಾಟೆ ಕಿಂಗ್’ ಎಂಬ ಬಿರುದೇ ಬಂತು; ಹಿಂದಿಯಲ್ಲಿ 1983ಕ್ಕೆ ಮಿಥುನ್ ಚಕ್ರವರ್ತಿಯ ‘ಕರಾಟೆ’ ಬಂತು.

‘ನಂಚಾಕು’ ಸೇರಿರುವ, ‘ಸೀಧೆ ಮೌತ್’ ಜೋಡಿಯ ಮಿಕ್ಸ್‌ಟೇಪಿನ ಹೆಸರು ಒಂದೇ ಅಕ್ಷರ, ‘ನ’. ‘ನವಾಜುದ್ದೀನ್’ ಎಂಬ ಇನ್ನೊಂದು ಹಾಡೂ ಅದರಲ್ಲಿದೆ. ನಕಾರದಿಂದ ಶುರುವಾಗಬೇಕೆಂಬ ಹಟಕ್ಕೆ ಹೆಸರು ಹುಡುಕಿದರೂ ಕೈಗೆ ಸಿಕ್ಕಿದ್ದು ಸಿನಿಮಾ ನಟ, ಸಿನಿಮಾ ಆಯುಧ! ಈ ಹುಡುಗರನ್ನು ಅಮೆರಿಕದ ನಕಲು ಎಂದು ಮೂಗು ಮುರಿಯುವವರ ಮಾತು ಅರ್ಧವೇ ನಿಜ. ವೇಷ ಅಲ್ಲಿಯದಿರಬಹುದು, ನೆನಪಿನ ಸರಕು ಇಲ್ಲಿನ ಬೆಳ್ಳಿತೆರೆಯದು, ಪೊಲೀಸ್ ಠಾಣೆಯದು.

1902ರಲ್ಲಿ ಕಲ್ಕತ್ತದಲ್ಲಿ ಧ್ವನಿಮುದ್ರಿಸಿಕೊಂಡ ಗ್ರಾಮಫೋನ್ ತಟ್ಟೆಗಳಲ್ಲಿ ಗಾಯಕಿ ಗೌಹರ್ ಜಾನ್ ಹಾಡು ಮುಗಿಸಿ ತನ್ನ ಹೆಸರು ಕೂಗುತ್ತಿದ್ದಳು. ರ‍್ಯಾಪರುಗಳೂ ಹಾಡಿನಲ್ಲೇ ಹೆಸರು ಕೂಗುತ್ತಾರೆ. ಹೆಸರು ಉಳಿದೀತು, ಹಿನ್ನೆಲೆ ಉಳಿಯದು. ಅದಕ್ಕೇ ಒಂದು ಕೋರಿಕೆ: ಬ್ರೂಸ್ ಲೀ ಚಿತ್ರಗಳನ್ನು ಗಲ್ಲಿಗಲ್ಲಿಗೆ ತಂದ ವಿಡಿಯೊ ಪಾರ್ಲರುಗಳ ಬಾಡಿಗೆ ಪುಸ್ತಕ, ಕ್ಯಾಸೆಟ್ ಡಬ್ಬಿ, ಕೈಬರಹದ ಬೋರ್ಡು ನಿಮ್ಮ ಅಟ್ಟದಲ್ಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.