ಪಟ್ಟಿ ಕಟ್ಟಿದ ಗಾಲಿಯಿಂದ ಪಿಕಪ್ಪಿನ ದಪ್ಪ ಟೈರಿನವರೆಗೆ

ಹಳೇ ಪಿಕಪ್ ಕೊಂಡ ಹುಡುಗರು ಟೈರ್ ಅಂಗಡಿಯಲ್ಲಿ ಮೊದಲು ಕೇಳುವ ಮಾತು ಒಂದೇ: ‘ಇದಕ್ಕೆ ಎಷ್ಟು ದಪ್ಪದ್ದು ಕೂರುತ್ತೆ?’ ಗಾಡಿ ಎತ್ತರ ಕಾಣಬೇಕು, ಹೊಲದ ದಾರಿಯಲ್ಲಿ ಹೂತುಕೊಳ್ಳಬಾರದು, ನೋಡಿದವರು ತಿರುಗಿ ನೋಡಬೇಕು. ಆಸೆ ತಪ್ಪಲ್ಲ. ಆದರೆ ಗಾಲಿಗೆ ತಕ್ಕ ಟೈರು ಯಾವುದು ಎಂಬ ಲೆಕ್ಕ ನಮ್ಮ ಸೀಮೆಗೆ ರಬ್ಬರ್ ಬರುವುದಕ್ಕಿಂತ ಮುಂಚಿನದು. ಆಗ ಆ ಲೆಕ್ಕ ಊರಿನ ಕುಲುಮೆಯಲ್ಲಿತ್ತು.

ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯ 1800ರಲ್ಲಿ ಮಧುಗಿರಿ, ಸಿರಾ ಕಡೆ ಸುತ್ತಾಡಿ, ಕಂಡದ್ದನ್ನೆಲ್ಲ ಬರೆದಿಟ್ಟ. ಮಳೆಗಾಲದ ಹಳ್ಳಗಳು ಹೊತ್ತು ತರುವ ಕಪ್ಪು ಮರಳನ್ನು ಕರಗಿಸಿ ಇಲ್ಲಿನವರು ಕಬ್ಬಿಣ ತೆಗೆಯುತ್ತಿದ್ದರು ಎಂಬುದೂ ಅದರಲ್ಲಿದೆ. ಆ ಕಾಲದಲ್ಲಿ ಸರಕು ಹೆಚ್ಚಾಗಿ ಸಾಗುತ್ತಿದ್ದದ್ದು ಹೇರೆತ್ತುಗಳ ಬೆನ್ನ ಮೇಲೆ. ಮುಂದೆ ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆಗಿದ್ದ 1834ರಿಂದ 1861ರ ಅವಧಿಯಲ್ಲಿ ರಸ್ತೆಗಳು ಬೆಳೆದವು. ರಸ್ತೆ ಬಂದ ಮೇಲೆ ಎತ್ತಿನಗಾಡಿಗೂ ಬೆಲೆ ಬಂತು.

ಗಾಡಿ ಗಾಲಿ ಮಾಡುವುದು ಇಬ್ಬರ ಕೆಲಸ. ಬಡಗಿ ಜಾಲಿಯಂಥ ಗಟ್ಟಿ ಮರದಲ್ಲಿ ಗುಂಭ ಕಡೆದು, ಅರೆಕಾಲು ಕೂರಿಸಿ, ಹೊರಸುತ್ತಿನ ಮರದ ತುಂಡುಗಳನ್ನು ಜೋಡಿಸುತ್ತಿದ್ದ. ಅಲ್ಲಿಗೆ ಅದು ಗಾಲಿಯ ಆಕಾರ ಅಷ್ಟೇ, ಭಾರ ಹೊರಿಸಿದರೆ ಕಳಚಿ ಬೀಳುವಂಥದ್ದು. ಅದಕ್ಕೆ ಬಲ ಬರುತ್ತಿದ್ದದ್ದು ಕಮ್ಮಾರ ಕಬ್ಬಿಣದ ಪಟ್ಟಿ ಕಟ್ಟಿದಾಗ. ಅವನು ಗಾಲಿಯ ಸುತ್ತಳತೆ ತೆಗೆದು, ಪಟ್ಟಿಯನ್ನು ಬೇಕೆಂತಲೇ ಸ್ವಲ್ಪ ಗಿಡ್ಡ ಮಾಡಿ, ಬಗ್ಗಿಸಿ, ಬೆಸೆಯುತ್ತಿದ್ದ. ಆಮೇಲೆ ಸುತ್ತ ಬೆರಣಿ, ಸೌದೆ ಒಟ್ಟಿ ಬೆಂಕಿ. ಕೆಂಪಗೆ ಕಾದು ಹಿಗ್ಗಿದ ಪಟ್ಟಿಯನ್ನು ಇಕ್ಕಳದಲ್ಲಿ ಎತ್ತಿ ಗಾಲಿಗೆ ತೊಡಿಸಿ, ಬಡಿದು, ಮರ ಹೊತ್ತಿ ಉರಿಯುವ ಮೊದಲೇ ನೀರು ಸುರಿಯಬೇಕು. ತಣ್ಣಗಾಗುತ್ತಾ ಪಟ್ಟಿ ಕುಗ್ಗುತ್ತದೆ, ಒಳಗಿನ ಒಂದೊಂದು ಕೀಲನ್ನೂ ಬಿಗಿಯುತ್ತದೆ.

ಎಷ್ಟು ಗಿಡ್ಡ ಮಾಡಬೇಕು ಎಂಬುದರಲ್ಲೇ ವಿದ್ಯೆ ಇತ್ತು. ಐದಡಿ ಎತ್ತರದ ಗಾಲಿಯ ಸುತ್ತಳತೆ ಸುಮಾರು 188 ಅಂಗುಲ. ಅಷ್ಟುದ್ದದ ಕಬ್ಬಿಣ 500 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾವು ಏರಿದರೆ ಹಿಗ್ಗುವುದು ಒಂದು ಅಂಗುಲಕ್ಕಿಂತ ಚೂರು ಹೆಚ್ಚು. ಅಂದರೆ ಕಮ್ಮಾರನ ಆಟವೆಲ್ಲ ಆ ಒಂದು ಅಂಗುಲದೊಳಗೆ. ಪಟ್ಟಿ ತೀರಾ ಬಿಗಿಯಾದರೆ ಅರೆಕಾಲು ಬಾಗುತ್ತದೆ, ಸಡಿಲವಾದರೆ ಬೇಸಿಗೆಯಲ್ಲಿ ಮರ ಒಣಗಿದಾಗ ಪಟ್ಟಿ ಕಳಚಿಕೊಳ್ಳುತ್ತದೆ. ಗಾಲಿಯನ್ನು ಕೆರೆಯ ನೀರಿನಲ್ಲಿ ನೆನೆಸಿಡುತ್ತಿದ್ದದ್ದು ಅದಕ್ಕೇ. ಈ ಅಳತೆ ಯಾವ ಪುಸ್ತಕದಲ್ಲೂ ಇರಲಿಲ್ಲ. ಆದರೆ ಒಂದು ಗಾಲಿಯ ಪಟ್ಟಿಯನ್ನು ಅಳೆಯದೆ ಇನ್ನೊಂದಕ್ಕೆ ಹಾಕುವ ಕಮ್ಮಾರ ಕಸುಬಿನವನೇ ಅಲ್ಲ.

ಪಟ್ಟಿಗಾಲಿಗೆ ಎರಡು ದೋಷ. ಕಿರಿದಾದ ಕಬ್ಬಿಣ ರಸ್ತೆಯನ್ನು ಕೊರೆಯುತ್ತದೆ, ಮರಳಿನಲ್ಲಿ ಹೂತುಹೋಗುತ್ತದೆ. ಜಯಮಂಗಲಿಯ ಪಾತ್ರವನ್ನೋ, ಪಾವಗಡದ ನಾಗಲಮಡಿಕೆ ಬಳಿ ಉತ್ತರ ಪಿನಾಕಿನಿಯ ಮರಳನ್ನೋ ಹೇರಿನ ಗಾಡಿಯಲ್ಲಿ ದಾಟಿದ ಹಿರಿಯರನ್ನು ಕೇಳಿ ನೋಡಿ.

ಜಾನ್ ಬಾಯ್ಡ್ ಡನ್ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದದ್ದು 1888ರಲ್ಲಿ. ಅದೇ ಹೆಸರಿನ ಕಂಪನಿಯ ಕಾರ್ಖಾನೆ ಬಂಗಾಳದ ಸಾಹಗಂಜ್‌ನಲ್ಲಿ 1936ರಲ್ಲಿ ಶುರುವಾಯಿತು. ಎತ್ತಿನಗಾಡಿಗೆಂದೇ ಬೇರೆ ಟೈರುಗಳೂ ಬಂದವು. ಅವುಗಳ ರಿಮ್ಮು 19 ಅಂಗುಲ, ಅಳತೆ 6.00-19, 7.00-19, 8.00-19 ಎಂದು. ಆದರೆ ಐದಡಿ ಗಾಲಿ ಬಿಚ್ಚಿ ಮೂರಡಿಯೂ ಇಲ್ಲದ ಟೈರ್ ಹಾಕಿದರೆ ಅಚ್ಚು ಕೆಳಗಿಳಿಯುತ್ತದೆ. ಆಗ ಮೂಕಿಯ ಓರೆ, ನೊಗದ ಎತ್ತರ, ಎತ್ತಿನ ಕತ್ತಿನ ಮೇಲೆ ಬೀಳುವ ಭಾರ ಎಲ್ಲವೂ ಬದಲು. ಗಾಲಿಯೊಂದನ್ನೇ ಬದಲಿಸಿ ಸುಮ್ಮನಾಗುವ ಹಾಗಿಲ್ಲ, ಗಾಡಿಯನ್ನೇ ಹೊಸದಾಗಿ ಕಟ್ಟಬೇಕು. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ 1970ರ ದಶಕದಲ್ಲಿ ಎತ್ತಿನಗಾಡಿಯನ್ನೇ ಅಧ್ಯಯನದ ವಿಷಯ ಮಾಡಿಕೊಂಡು, ಗಾಲಿಯ ಜೊತೆ ನೊಗವೂ ಸುಧಾರಿಸಬೇಕು ಎಂದು ವಾದಿಸುತ್ತಲೇ ಬಂದರು. ಮ್ಯಾನೇಜ್‌ಮೆಂಟ್ ಕಲಿಸುವವರು ಎತ್ತಿನ ಕತ್ತಿನ ಬಗ್ಗೆ ಯೋಚಿಸಿದ್ದು ದೊಡ್ಡ ಮಾತೇ.

ಅಷ್ಟರಲ್ಲಿ ಜೀಪು ಬಂದಿತ್ತು. ಮಹೀಂದ್ರ ಕಂಪನಿ ಮುಂಬೈಯಲ್ಲಿ ವಿಲ್ಲಿಸ್ ಜೀಪು ಜೋಡಿಸತೊಡಗಿದ್ದು ಸ್ವಾತಂತ್ರ್ಯದ ಆಸುಪಾಸಿನಲ್ಲಿ. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಬಿಡಿಒ ಜೀಪು ಹಳ್ಳಿಗಳಿಗೂ ಪರಿಚಯವಾಯಿತು. ಅದರ ಟೈರು 6.00-16: ಆರು ಅಂಗುಲ ದಪ್ಪ, 16 ಅಂಗುಲದ ರಿಮ್ಮು. ಆ ರಿಮ್ಮಿನ ಅಗಲ ನಾಲ್ಕೂವರೆ ಅಂಗುಲ ಮಾತ್ರ. ಟಾಟಾ 407 ಬಂದದ್ದು 1986ರಲ್ಲಿ, ಏಸ್ 2005ರಲ್ಲಿ, 12 ಅಂಗುಲದ ಪುಟ್ಟ ಗಾಲಿಯ ಮೇಲೆ. ಕಡಲೆಕಾಯಿ, ಹುಣಸೆಹಣ್ಣು, ಅಡಿಕೆ ಎತ್ತಿನಗಾಡಿ ಇಳಿದು ಪಿಕಪ್ ಹತ್ತಿದವು.

ಕಮ್ಮಾರನ ಕಣ್ಣಳತೆ ಈಗ ಟೈರಿನ ಪಕ್ಕೆಯ ಮೇಲೆ ಅಂಕಿಯಾಗಿ ಕೂತಿದೆ, ಓದುವವರು ಕಡಿಮೆ. ಪಿಕಪ್ಪಿನಲ್ಲಿ 215/75 ಆರ್ 15 ಎಂದಿದ್ದರೆ ದಪ್ಪ 215 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ನೂರಕ್ಕೆ 75, ಆರ್ ಅಂದರೆ ರೇಡಿಯಲ್, ರಿಮ್ಮು 15 ಅಂಗುಲ. ಒಟ್ಟು ಎತ್ತರ ಸುಮಾರು 704 ಮಿಲಿಮೀಟರ್. ಹುಡುಗರು ಇಷ್ಟಪಡುವ 31×10.50 ಆರ್ 15 ಟೈರಿನ ಎತ್ತರ 787. ಎರಡೂ 15ರ ರಿಮ್ಮಿನವೇ, ಆದ್ದರಿಂದ ಕೂರುತ್ತದೆ ಅನ್ನಿಸುತ್ತದೆ. ಆದರೆ ದಪ್ಪದ್ದಕ್ಕೆ 7ರಿಂದ 9 ಅಂಗುಲ ಅಗಲದ ರಿಮ್ಮು ಬೇಕು. ಹಳೇ ಪಿಕಪ್ಪಿನ ಐದೂವರೆ, ಆರು ಅಂಗುಲದ ರಿಮ್ಮಿಗೆ ತುರುಕಿದರೆ ಟೈರಿನ ನಡು ಉಬ್ಬಿ ಅಲ್ಲೇ ಸವೆಯುತ್ತದೆ, ತಿರುವಿನಲ್ಲಿ ಪಕ್ಕೆ ಓಲಾಡುತ್ತದೆ.

ಅಳತೆ ದಾಟಿದರೆ ಏನಾಗುತ್ತದೆ ಎಂಬುದು ಅಮೆರಿಕದವರಿಗೆ ಗೊತ್ತು. ಅಲ್ಲಿ ಪಿಕಪ್ಪುಗಳಿಗೆ 16 ಮತ್ತು 16.5 ಅಂಗುಲದ ರಿಮ್ಮುಗಳು ಒಟ್ಟಿಗೆ ಬಳಕೆಯಲ್ಲಿದ್ದವು. 16ರ ಟೈರನ್ನು ಹದಿನಾರೂವರೆಯ ರಿಮ್ಮಿಗೆ ಹಾಕಿ ಗಾಳಿ ತುಂಬುವಾಗ ಸಿಡಿದು ಜನ ಸತ್ತಿದ್ದಾರೆ. ಬರೀ ಅರ್ಧ ಅಂಗುಲ.

ಮೀಟರಿನ ವಿಷಯವೂ ಇದೆ. 31ರ ಟೈರ್ ಹಾಕಿದ ಮೇಲೆ ಮುಳ್ಳು 60 ತೋರಿಸುವಾಗ ಗಾಡಿ ಓಡುವುದು ಸುಮಾರು 67ರಲ್ಲಿ. ಬ್ರೇಕು ಮಾತ್ರ ಹಳೆಯದೇ. ಬೇರಿಂಗ್, ಸ್ಟೀರಿಂಗ್‌ಗಳ ಮೇಲೂ ಭಾರ ಹೆಚ್ಚು. ಸಿರಾ ಹೆದ್ದಾರಿಯಲ್ಲಿ ಆಳುಗಳನ್ನು ಹಿಂದೆ ನಿಲ್ಲಿಸಿಕೊಂಡು ಹೋಗುವ ಪಿಕಪ್ಪಿಗೆ ಈ ಏಳು ಕಿಲೋಮೀಟರ್ ಸಣ್ಣ ವ್ಯತ್ಯಾಸವಲ್ಲ.

ಕಂಪನಿ ನಮೂದಿಸಿದ ವಿವರಕ್ಕೆ ಬೇರೆಯಾಗುವಂತೆ ವಾಹನ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿಯಿತು. ಟೈರ್ ಬದಲಿಸುವ ಮುನ್ನ ಗಾಡಿಯ ಪುಸ್ತಕದಲ್ಲಿ ಕಂಪನಿ ಬರೆದ ಅಳತೆ ನೋಡಿ, ರಿಮ್ಮಿನ ಮೇಲೆ ಒತ್ತಿರುವ ಅಗಲವನ್ನೂ ಓದಿ. ಹಾಕಿಸಿದ ಮೇಲೆ ಹೇರು ತುಂಬಿ, ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಮಡ್‌ಗಾರ್ಡಿಗೋ ಪಟ್ಟಾಗೋ ಟೈರು ಉಜ್ಜುತ್ತಿದೆಯಾ ಎಂದು ಬಗ್ಗಿ ನೋಡಿ.