ಅರ್ಧರ್ಧ ಬಂದ ಚಿತ್ರ

1975ರ ಆಗಸ್ಟ್ 1ರಿಂದ ಒಂದು ವರ್ಷ ರಾಯಚೂರು ಹಾಗೂ ಆಗಿನ ಗುಲ್ಬರ್ಗ, ವಿಜಾಪುರ ಜಿಲ್ಲೆಗಳ ಹಳ್ಳಿಗರು ಅಮೆರಿಕದ ಉಪಗ್ರಹದ ನೆರವಿನಿಂದ ಟಿ.ವಿ. ಕಂಡರು. ಆ ಕಪ್ಪುಬಿಳುಪು ಚಿತ್ರ 625 ಗೆರೆಗಳ ಹೆಣಿಗೆ. ಕೊಳವೆಯೊಳಗಿನ ಎಲೆಕ್ಟ್ರಾನ್ ಕಿರಣ ಮೊದಲು ಬೆಸ ಗೆರೆಗಳನ್ನು, ಆಮೇಲೆ ಸರಿ ಗೆರೆಗಳನ್ನು ಎಳೆಯುತ್ತಿತ್ತು. ಅರ್ಧ ಚಿತ್ರಕ್ಕೆ ‘ಫೀಲ್ಡ್’, ಎರಡೂ ಸೇರಿದರೆ ‘ಫ್ರೇಮ್’. ಸೆಕೆಂಡಿಗೆ 25 ಫ್ರೇಮ್ ಒಟ್ಟಾಗಿ ತೋರಿಸಿದರೆ ಪರದೆ ಮಿಣುಕುತ್ತದೆ. 50 ಕಳಿಸುವುದು ದುಬಾರಿ. 50 ಅರ್ಧಚಿತ್ರ ಕಳಿಸಿ ಕಣ್ಣನ್ನು ನಂಬಿಸಿದ್ದು ಜಾಣತನವೇ ಸರಿ. ವಿದ್ಯುತ್ತಿನ ಆವರ್ತನವೂ ನಮ್ಮಲ್ಲಿ 50. ಅದು 60 ಇರುವ ಅಮೆರಿಕದಲ್ಲಿ ಫೀಲ್ಡುಗಳೂ 60.

ಇಂದಿನ ತೆಳು ಪರದೆಯಲ್ಲಿ ಆ ಕಿರಣವಿಲ್ಲ. ಆದರೂ ‘1080ಐ’ ಎಂಬಲ್ಲಿನ ‘ಐ’ ಅದೇ ಹೆಣಿಗೆಯ ಗುರುತು. ‘ಪಿ’ ಇದ್ದರೆ ಗೆರೆಗಳೆಲ್ಲ ಸಾಲಾಗಿ ಬರುತ್ತವೆ. ಇನ್ನು ‘32 ಇಂಚು’ ಪರದೆಯ ಅಗಲವಲ್ಲ, ಮೂಲೆಯಿಂದ ಮೂಲೆಗೆ ಓರೆಯಾಗಿ ಹಿಡಿದ ಅಳತೆ.